ಕಿತ್ತೂರು ನೋಡಲು ಹೋದವರು ರಾತ್ರಿ ಎಲ್ಲಿ ಉಳಿಯಬೇಕು?

ಶೈಕ್ಷಣಿಕ ಪ್ರವಾಸದ ಮಾತು ಬಂದ ಕೂಡಲೇ ನಾವು ಏನೇನು ನೋಡಬೇಕು ಎಂದು ಪಟ್ಟಿ ಮಾಡುತ್ತೇವೆ. ರಾತ್ರಿ ಎಲ್ಲಿ ಉಳಿಯಬೇಕು ಎಂಬುದನ್ನು ಮಾತ್ರ ಬಸ್ಸಿನ ಚಾಲಕರಿಗೆ ಬಿಟ್ಟುಬಿಡುತ್ತೇವೆ. ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ ಎಂದರೆ ನಗಬೇಡಿ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಲ್ಲಿ ಕಾರ್ಯಕ್ರಮ ಚಿತ್ರೀಕರಿಸುತ್ತ ಓಡಾಡಿದ ಮೇಲೆ ನನಗೆ ಹಾಗನ್ನಿಸಿದೆ.

ಮೊದಲ ಸಲ ಹೋದಾಗ ನಮ್ಮ ತಂಡ ಧಾರವಾಡದಲ್ಲಿ ತಂಗಿತ್ತು. ಕೋಣೆ ಚೆನ್ನಾಗಿತ್ತು, ಬಿಸಿನೀರಿತ್ತು. ಕಿತ್ತೂರು ಅಲ್ಲಿಂದ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಚಿಲ್ಲರೆ, ಏನು ಮಹಾ ದೂರ ಎಂದುಕೊಂಡೆವು. ಸ್ನಾನ, ತಿಂಡಿ, ಚಹಾ ಎಲ್ಲ ಮುಗಿಸಿ ಕೋಟೆಯ ಮುಂದೆ ಇಳಿದಾಗ ಗಂಟೆ ಹನ್ನೊಂದೂವರೆ. ಛಾಯಾಗ್ರಾಹಕರು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, "ಸರ್, ಇಲ್ಲಿ ಬರೀ ಕಲ್ಲು ಕಾಣಿಸ್ತಿದೆ, ಅರಮನೆ ಕಾಣಿಸ್ತಿಲ್ಲ" ಎಂದರು.

ಅವರ ಮಾತು ನಿಜ. ಕಿತ್ತೂರಿನ ಅರಮನೆಯ ಬಹುಭಾಗ ಬಿದ್ದುಹೋಗಿದೆ. ಎಷ್ಟೋ ಕಡೆ ಉಳಿದಿರುವುದು ಮೋಟು ಗೋಡೆಗಳು, ತಳಪಾಯದ ಗೆರೆಗಳು. ನಡುಹಗಲಲ್ಲಿ ಅವುಗಳಿಗೆ ನೆರಳೇ ಇರುವುದಿಲ್ಲ. ಸೂರ್ಯ ಹುಟ್ಟಿ ಒಂದು ಗಂಟೆಯಾದಾಗ ಅವನು ದಿಗಂತದಿಂದ ಸುಮಾರು 15 ಡಿಗ್ರಿ ಮೇಲಿರುತ್ತಾನೆ. ಆಗ ಒಂದಡಿ ಎತ್ತರದ ಗೋಡೆಯ ನೆರಳು ಮೂರೂಮುಕ್ಕಾಲು ಅಡಿ ಉದ್ದ ಬೀಳುತ್ತದೆ. ತ್ರಿಕೋನಮಿತಿ ಓದುವವರು ಲೆಕ್ಕ ಹಾಕಿ ನೋಡಬಹುದು. ಆ ನೆರಳಿನಲ್ಲಿ ಇದು ಪಡಸಾಲೆ, ಇದು ಕೋಣೆ ಎಂದು ಇಡೀ ಕಟ್ಟಡದ ನಕ್ಷೆ ನೆಲದ ಮೇಲೆ ಎದ್ದು ಬರುತ್ತದೆ. ಬೆಳಗಿನ ಆ ಹೊತ್ತಿಗೆ ಅಲ್ಲಿರಬೇಕಾದರೆ ಹಿಂದಿನ ರಾತ್ರಿ ಹತ್ತಿರದಲ್ಲೇ ಮಲಗಿರಬೇಕು. ಕೋಟೆಗೆ ಎಷ್ಟು ಹೊತ್ತಿಗೆ ಪ್ರವೇಶ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಕಿತ್ತೂರಿನಲ್ಲಿ ಉಳಿಯುವುದಾದರೆ ಹೆದ್ದಾರಿಯ ಮಗ್ಗುಲು ಬೇಡ. ಅಲ್ಲಿ ರಾತ್ರಿಯಿಡೀ ಲಾರಿಗಳ ಸದ್ದು, ದೀಪದ ಝಗಮಗ. ಕೋಟೆಯ ಕಡೆಯ ಹಳೇ ಊರಿನಲ್ಲಿ ಪರಿಚಯದವರ ಮನೆಯೋ, ಮುಂಚಿತವಾಗಿ ಕೇಳಿಕೊಂಡ ಜಾಗವೋ ಸಿಕ್ಕರೆ ಬಿಡಬೇಡಿ. ಅರಮನೆಯಲ್ಲಿ ಧ್ರುವನಕ್ಷತ್ರ ನೋಡುತ್ತಿದ್ದರೆಂದು ಒಂದು ಕಿಂಡಿಯನ್ನು ತೋರಿಸುತ್ತಾರೆ. ಹಗಲಿನಲ್ಲಿ ಬಂದವರು ಅದಕ್ಕೆ ಕಣ್ಣಿಟ್ಟು ನಕ್ಕು ಹೋಗುತ್ತಾರೆ. ನೀವು ರಾತ್ರಿ ಊಟವಾದ ಮೇಲೆ ದೀಪಗಳಿಲ್ಲದ ಕಡೆ ಉತ್ತರಕ್ಕೆ ಮುಖಮಾಡಿ ನಿಲ್ಲಿ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ ಸಿಗುತ್ತಾನೆ, ಏಕೆಂದರೆ ಕಿತ್ತೂರಿನ ಅಕ್ಷಾಂಶ ಹದಿನೈದೂವರೆ ಡಿಗ್ರಿಗಿಂತ ತುಸು ಹೆಚ್ಚು. ಚೆನ್ನಮ್ಮನ ಕಾಲದಲ್ಲಿ ಈ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಒಂದೂವರೆ ಡಿಗ್ರಿಗೂ ಹೆಚ್ಚು ದೂರವಿತ್ತು. ಈಗ ಆ ಅಂತರ ಮುಕ್ಕಾಲು ಡಿಗ್ರಿಗಿಂತ ಕಡಿಮೆ. ಧ್ರುವ ಕದಲುವುದಿಲ್ಲ ಎಂದು ಅಜ್ಜಿ ಹೇಳಿದ ಕಥೆಗೆ ಭೂಮಿಯ ಅಕ್ಷದ ಓಲಾಟ ಹೀಗೆ ಸಣ್ಣದೊಂದು ತಿದ್ದುಪಡಿ ಹಾಕಿದೆ.

ಇಷ್ಟಾದರೂ ಒಂದೇ ರಾತ್ರಿ ನಿಮ್ಮ ಕೈಯಲ್ಲಿದ್ದರೆ ಕಿತ್ತೂರು ಬಿಟ್ಟು ಬೈಲಹೊಂಗಲದಲ್ಲಿ ಉಳಿಯಿರಿ ಎನ್ನುತ್ತೇನೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಬ್ರಿಟಿಷರನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂದು ಸತ್ತ. ಇದು ನಿಮಗೆಲ್ಲ ಬಾಯಿಪಾಠ. ಪ್ರತಿವರ್ಷ ಉತ್ಸವ ನಡೆಯುವುದೂ ಆ ದಿನಗಳಲ್ಲೇ. ಆದರೆ ಡಿಸೆಂಬರ್‌ನಲ್ಲಿ ಬ್ರಿಟಿಷರು ದೊಡ್ಡ ಸೈನ್ಯದೊಡನೆ ಮರಳಿ ಬಂದರು, ಕೋಟೆ ಬಿತ್ತು. ರಾಣಿಯನ್ನು ಸೆರೆಹಿಡಿದು ಬೈಲಹೊಂಗಲಕ್ಕೆ ಒಯ್ದರು. ಆಕೆ ತೀರಿಕೊಂಡದ್ದು 1829ರಲ್ಲಿ. ನಡುವೆ ನಾಲ್ಕು ವರ್ಷಕ್ಕೂ ಮೀರಿದ ಸೆರೆವಾಸ. ಯುದ್ಧ ನಡೆದದ್ದು ಕೆಲವೇ ದಿನ. ಮಧ್ಯಾಹ್ನ ಕಿತ್ತೂರು ನೋಡಿ ಸಂಜೆ ಧಾರವಾಡಕ್ಕೋ ಬೆಳಗಾವಿಗೋ ಮರಳಿದವರ ಮನಸ್ಸಿನಲ್ಲಿ ಆ ಕೆಲವು ದಿನ ಉಳಿಯುತ್ತವೆ, ನಾಲ್ಕು ವರ್ಷ ಉಳಿಯುವುದಿಲ್ಲ. ನಮ್ಮ ಮೊದಲ ಕಾರ್ಯಕ್ರಮದಲ್ಲಿ ಆದದ್ದೂ ಇದೇ. ಇಪ್ಪತ್ತು ನಿಮಿಷದಲ್ಲಿ ಬೈಲಹೊಂಗಲಕ್ಕೆ ಸಿಕ್ಕಿದ್ದು ಒಂದು ವಾಕ್ಯ. ಆ ವಾಕ್ಯವನ್ನು ಬರೆದವನು ನಾನೇ.

ಎರಡನೆಯ ಸಲ ಬೈಲಹೊಂಗಲದಲ್ಲೇ ಉಳಿದೆವು. ಅದು ಹತ್ತಿಯ ವ್ಯಾಪಾರದ ಊರು, ಗದ್ದಲ ಇದ್ದದ್ದೇ. ಬಸ್ ನಿಲ್ದಾಣದ ಸುತ್ತ ಕೋಣೆ ಹಿಡಿಯುವುದಾದರೆ ರಸ್ತೆಯ ಕಡೆಯದು ಬೇಡ, ಹಿಂದಿನದು ಕೇಳಿ. ಚೆನ್ನಮ್ಮನ ಸಮಾಧಿಗೆ ನಡೆದೇ ಹೋಗಬಹುದಾದ ಜಾಗ ಹುಡುಕಿ. ರಾತ್ರಿ ಖಾನಾವಳಿಯಲ್ಲಿ ರೊಟ್ಟಿ ಬಡಿಸುತ್ತಿದ್ದ ಅಜ್ಜಿ, "ಎಲ್ಲಿಂದ ಬಂದೀರೆಪಾ?" ಎಂದು ವಿಚಾರಿಸಿದರು. ಹೇಳಿದೆವು. "ಮಂದಿ ಕಿತ್ತೂರ ನೋಡಿ ಹಂಗ ಹೋಗಿಬಿಡ್ತಾರ. ನೀವು ಉಳದೀರಿ, ಛಲೋ ಆತು. ಮುಂಜಾನೆ ಎದ್ದು ಅವ್ವನ ಕಡೆ ಹೋಗಿ ಬರ್ರಿ" ಎಂದರು. ಎರಡು ಶತಮಾನದ ಹಿಂದಿನ ರಾಣಿಯನ್ನು ಆಕೆ ಓಣಿಯ ಹಿರಿಯಳೊಬ್ಬಳಂತೆ ನೆನೆದ ರೀತಿ ಧಾರವಾಡದ ನಮ್ಮ ಕೋಣೆಯಲ್ಲಿ ಕೇಳಸಿಗುತ್ತಿರಲಿಲ್ಲ. ಬೈಲಹೊಂಗಲದಲ್ಲಿದ್ದರೆ ಸಂಗೊಳ್ಳಿಯೂ ಹತ್ತಿರ. ಅಲ್ಲಿಯ ರಾಯಣ್ಣ ರಾಣಿ ಸತ್ತ ಮೇಲೂ ಕಾದಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ.

ಸವದತ್ತಿಯ ಲೆಕ್ಕ ಬೇರೆ. ಎಲ್ಲಮ್ಮನ ಗುಡ್ಡದ ಮೇಲೆಯೇ ಇರಬೇಕೋ ಕೆಳಗೆ ಊರಿನಲ್ಲೋ ಎಂಬುದನ್ನು ಪಂಚಾಂಗ ನೋಡಿ ನಿರ್ಧರಿಸಬೇಕು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಗುಡ್ಡದ ತುಂಬ ಲಕ್ಷಾಂತರ ಜನ. ಬಯಲಲ್ಲೇ ಒಲೆ ಹೂಡಿ ಅಡಿಗೆ, ಅಲ್ಲೇ ನಿದ್ದೆ. ಜಾತ್ರೆಯನ್ನೇ ನೋಡಬೇಕೆನ್ನುವವರು ಹಿರಿಯರೊಂದಿಗೆ ಅಲ್ಲಿರಿ. ಶಾಲೆಯ ತಂಡ ಊರಿನಲ್ಲಿರುವುದು ಕ್ಷೇಮ. ಊರು ಸಾಮಾನ್ಯವೇನಲ್ಲ. ಬೆಳಗಾವಿಗೆ ಹೋಗುವ ಮುಂಚೆ ರಟ್ಟರ ರಾಜಧಾನಿ ಇದೇ ಆಗಿತ್ತು, ಆಗಿನ ಹೆಸರು ಸುಗಂಧವರ್ತಿ. ಊರಲ್ಲೇ ಹದಿನೆಂಟನೆಯ ಶತಮಾನದ ಕೋಟೆ, ಬೆಳಿಗ್ಗೆ ಬೇಗ ಹೊರಟರೆ ಹೂಲಿಯ ಪಂಚಲಿಂಗೇಶ್ವರ ಗುಡಿ, ಸಂಜೆಗೆ ನವಿಲುತೀರ್ಥದ ಅಣೆಕಟ್ಟು.

ರಾಮದುರ್ಗವನ್ನು ಸವದತ್ತಿಯಿಂದ ಒಂದು ಹಗಲಿನಲ್ಲಿ ನೋಡಿಬರಬಹುದು. ದಾರಿಯಲ್ಲಿ ಸುರೇಬಾನದಲ್ಲಿ ಇಳಿಯಿರಿ. ಎಲ್ಲರೂ ಅಲ್ಲಿಂದ ಶಬರಿಕೊಳ್ಳಕ್ಕೆ ಹೋಗುತ್ತಾರೆ, ನೀವೂ ಹೋಗಿ. ಜೊತೆಗೆ ಇನ್ನೊಂದನ್ನು ನೆನಪಿಡಿ. 1858ರ ಮೇ ತಿಂಗಳಲ್ಲಿ ಮ್ಯಾನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ರಾಮದುರ್ಗಕ್ಕೆ ಬಂದಿದ್ದ. ಅಲ್ಲಿಯ ಸಂಸ್ಥಾನಿಕ ನರಗುಂದದ ಬಾಬಾಸಾಹೇಬನ ಮಲಸಹೋದರ. ಅಣ್ಣ ಬಂಡೆದ್ದಾನೆ, ಆ ಕಡೆ ಹೋಗಬೇಡಿ ಎಂದು ಎಚ್ಚರಿಸಿದರೂ ಮ್ಯಾನ್ಸನ್ ಹೊರಟು, 29ರ ರಾತ್ರಿ ಸುರೇಬಾನದಲ್ಲಿ ತಂಗಿದ. ಬಾಬಾಸಾಹೇಬನ ಕುದುರೆ ಸವಾರರು ಆ ರಾತ್ರಿಯೇ ಅಲ್ಲಿಗೆ ಬಂದು ಅವನನ್ನು ಕೊಂದರು. ರಾತ್ರಿ ಎಲ್ಲಿ ತಂಗಬೇಕು ಎಂಬುದು ಈ ಸೀಮೆಯಲ್ಲಿ ಹಿಂದೆಯೂ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಧಾರವಾಡದಲ್ಲಿ ಉಳಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಐವತ್ತು ಅರವತ್ತು ಹೆಣ್ಣುಮಕ್ಕಳ ತಂಡವಾದರೆ ನೀರು, ಶೌಚಾಲಯ, ಆಸ್ಪತ್ರೆ ಇವೇ ಮೊದಲು. ದೊಡ್ಡ ಊರೇ ಸರಿ. ಆಗ ಬೆಳಿಗ್ಗೆ ಐದಕ್ಕೆ ಬಸ್ ಹೊರಡಿಸಿ, ತಿಂಡಿಯನ್ನು ಕೋಟೆಯ ಹೊರಗೆ ತಿನ್ನಿ. ಈ ನಾಲ್ಕೂ ಊರಿನಲ್ಲಿ ರೈಲು ನಿಲ್ದಾಣವಿಲ್ಲ. ಸಾರಿಗೆ ಬಸ್ಸನ್ನೇ ನಂಬಿದವರು ಸಂಜೆಯ ಕೊನೆಯ ಬಸ್ ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಕೇಳಿ ಬರೆದುಕೊಳ್ಳಿ. ಹೋಗುವಾಗ ಚೀಲದಲ್ಲಿ ಒಂದು ಟಾರ್ಚು, ಅಳತೆಪಟ್ಟಿ, ಬೆಳಗಿನ ಚಳಿಗೊಂದು ಶಾಲು ಇರಲಿ.