ಜಾಲಿಕಂಟಿಯ ಆಚೆ

2016ರ ಕೊರಿಯನ್ ಸಿನಿಮಾ ‘ಟ್ರೈನ್ ಟು ಬುಸಾನ್’ನಲ್ಲಿ ಜೋಂಬಿಗಳು, ಅಂದರೆ ಎದ್ದು ಓಡುವ ಹೆಣಗಳು, ಊರೂರನ್ನೇ ನುಂಗುತ್ತಿರುತ್ತವೆ. ಟೀವಿಯಲ್ಲಿ ಸರ್ಕಾರ ಮಾತ್ರ ಗಾಬರಿ ಬೇಡ ಎನ್ನುತ್ತಿರುತ್ತದೆ. ನನಗೆ ಹೆಣಗಳಿಗಿಂತ ಹೆದರಿಕೆ ತಂದದ್ದು ಒಂದು ಬೋಗಿಯ ಬಾಗಿಲು. ಬದುಕಿ ಬಂದವರನ್ನು ಒಳಗೆ ಬಿಡದಂತೆ ಬದುಕಿದ್ದವರೇ ಅದನ್ನು ಬಿಗಿಯುತ್ತಾರೆ.

ಬೀದರ್ ಜಿಲ್ಲೆಯ ಬಗದಲ್ ಸೀಮೆಯ ನಮಗೆ ಆ ಬಾಗಿಲು ಹೊಸದಲ್ಲ. 2020ರ ಮಾರ್ಚ್ 24, ರಾತ್ರಿ ಎಂಟಕ್ಕೆ ಕೊರೊನಾ ಲಾಕ್‌ಡೌನ್ ಘೋಷಣೆ, ಹನ್ನೆರಡಕ್ಕೆ ಜಾರಿ. ನಡುವೆ ನಾಲ್ಕೇ ತಾಸು. ಹೈದರಾಬಾದಿಗೆ, ಮುಂಬೈಗೆ ದುಡಿಯಲು ಹೋದ ಬೀದರ್, ಭಾಲ್ಕಿ, ಔರಾದ್ ಮಂದಿಗೆ ಬಸ್ಸಿಲ್ಲ, ರೈಲಿಲ್ಲ. ಗಂಟು ಹೊತ್ತು ಹೆದ್ದಾರಿ ಹಿಡಿದವರೆಷ್ಟೋ. ಹೇಗೋ ಊರು ಮುಟ್ಟಿದರೆ, ಹಾದಿಗೆ ಅಡ್ಡ, ಸೋಂಕಿಗೆ ಹೆದರಿ ಊರವರೇ ಎಳೆದ ಜಾಲಿಕಂಟಿ.

ಕಂಟಿ ಎಳೆದವರನ್ನು ನಾನು ಬೈಯಲಾರೆ. ಅವರ ಮನೆಯಲ್ಲೂ ಮುದುಕರಿದ್ದರು. ಆದರೆ ಸಂಜೆಗೆ ಅದೇ ಕಂಟಿಯ ಆಚೆ, ಕಲ್ಲಿನ ಮೇಲೆ ಅರಿವೆಯ ಗಂಟು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಇಟ್ಟ ಮುದುಕಿ ಹತ್ತು ಮಾರು ಹಿಂದೆ ಸರಿದು, ಸೆರಗು ಮೂಗಿಗೆ ಹಿಡಿದು ಕೂಗಿದಳು: “ಉಣ್ಣೋ ತಮ್ಮಾ. ನೀರು ಬಿಂದಗ್ಯಾಗ ಅವ.”