ಫಿತ್ರಾ: ಗೋಧಿ ಲೆಕ್ಕವೋ, ದ್ರಾಕ್ಷಿ ಲೆಕ್ಕವೋ?

ವಿಜಯನಗರದಿಂದ ಮಾತಾಡ್ತಿದ್ದೀನಿ. ರಂಜಾನ್ ಕೊನೇ ವಾರ ಬಂದ್ರೆ ನಮ್ಮನೇಲಿ ಅಬ್ಬಾ ಕೇಳೋದು ಒಂದೇ: 'ಫಿತ್ರಾ ಕೊಟ್ಟಾಯ್ತಾ?'

ಜಕಾತ್ ಬೇರೆ, ಫಿತ್ರಾ ಬೇರೆ. ಜಕಾತ್ ಅಂದ್ರೆ ವರ್ಷವಿಡೀ ಉಳಿದ ಸಂಪತ್ತಿನ ಮೇಲೆ ಶೇ. 2.5. ಫಿತ್ರಾ ತಲೆ ಲೆಕ್ಕ. ಎಳೆಗೂಸಿನ ಪಾಲನ್ನೂ ಅಪ್ಪನೇ ಕೊಡಬೇಕು.

ನಮ್ಮ ಹನಫಿ ಪದ್ಧತೀಲಿ ಗೋಧಿಯಾದ್ರೆ ಅರ್ಧ ಸಾಅ್. ಇದು ಹಳೇ ಅರಬ್ ಅಳತೆ. ಅರ್ಧ ಅಂದ್ರೆ ಹತ್ತಿರಹತ್ತಿರ ಒಂದೂಮುಕ್ಕಾಲು ಕೆ.ಜಿ. ಖರ್ಜೂರ, ಒಣದ್ರಾಕ್ಷಿಯಾದ್ರೆ ಇದರ ಎರಡರಷ್ಟು. ಬೆಲೆ ಕಟ್ಟಿ ದುಡ್ಡನ್ನೇ ಕೊಡಬಹುದು. ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿಗಳು, ಅವರಲ್ಲಿ ಅಕ್ಕಿನೇ ಕೊಡೋ ರೂಢಿ.

ನನ್ನ ತಕರಾರು ಇಲ್ಲಿದೆ. ಬಿಕಾಂ ಓದಿದವನಿಗೆ ಮೊದಲು ಕಾಣೋದೇ ಕನಿಷ್ಠ ಮೊತ್ತ. ಕಾರು ತಗೊಂಡ ನಾನೂ, ಆಟೋ ಓಡಿಸೋ ಪಕ್ಕದ್ಮನೆ ಭಾಯಿನೂ ಇಷ್ಟು ವರ್ಷ ಒಂದೇ ಗೋಧಿ ರೇಟಲ್ಲಿ ಕೊಟ್ವಿ. ಇದು ಯಾವ ನ್ಯಾಯ? ಈ ಸಲ ಮನೆಯ ಆರೂ ಜನರದ್ದು ದ್ರಾಕ್ಷಿ ಲೆಕ್ಕದಲ್ಲಿ ತೆಗೆದಿಟ್ಟೆ.

ಅಮ್ಮಿ ನಕ್ಕರು. 'ಲೆಕ್ಕ ಸರಿ ಬೇಟಾ. ಈದ್ ನಮಾಜಿಗೆ ಮುಂಚೆ ಕೊಡಬೇಕು ಅನ್ನೋದೂ ಸರಿ. ಆದ್ರೆ ನೀನು ಹಬ್ಬದ ಬೆಳಿಗ್ಗೆ ಕೊಟ್ರೆ ಅವರು ಶೀರ್ ಖುರ್ಮಾಕ್ಕೆ ಸಾಮಾನು ಯಾವಾಗ ತರೋದು?'

ಇಪ್ಪತ್ತೇಳನೇ ರೋಜಾ ದಿನವೇ ಕೊಟ್ಟು ಬಂದೆ.