ಹಕ್ಕಲಿನಿಂದ ಬರುವ ಜೀವಸತ್ವ

ಸುಗ್ಗಿಯಾದ ಮೇಲೆ ಹೊಲದಲ್ಲಿ ಉದುರಿ ಬಿದ್ದ ತೆನೆಗಳನ್ನು ಆರಿಸಿಕೊಳ್ಳುವುದಕ್ಕೆ ಹಕ್ಕಲಾಯುವುದು ಎನ್ನುತ್ತೇವೆ. ಒಡೆಯನ ಕೈ ತಪ್ಪಿ ಉಳಿದದ್ದು ಬಡವನ ಪಾಲು. ನಮ್ಮ ಶರೀರದೊಳಗೂ ಇಂಥದೊಂದು ಹಕ್ಕಲಿನ ವ್ಯವಹಾರ ನಡೆಯುತ್ತಿದೆ. ಊಟ ಕಳಪೆಯಾಗಿ ಈ ಹಕ್ಕಲೂ ಸಾಲದೆ ಹೋದರೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಹೊಟ್ಟೆ ಕೆಡುತ್ತದೆ, ಕಡೆಗೆ ಬುದ್ಧಿಭ್ರಮಣೆಯೂ ಆಗುತ್ತದೆ.

ನಾವು ಉಣ್ಣುವ ಬೇಳೆ, ಹಾಲು, ಮಾಂಸಗಳಲ್ಲಿರುವ ಪ್ರೋಟೀನು ಜೀರ್ಣವಾದಾಗ ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಾಗಿ ಬಿಡಿಯಾಗುತ್ತದೆ. ಅವುಗಳಲ್ಲೊಂದಕ್ಕೆ ಟ್ರಿಪ್ಟೊಫೇನ್ ಎಂದು ಹೆಸರು. ಇದನ್ನು ಶರೀರವು ತಾನೇ ತಯಾರಿಸಿಕೊಳ್ಳಲಾರದು. 1901ರಲ್ಲಿ ಇಂಗ್ಲೆಂಡಿನ ಹಾಪ್‌ಕಿನ್ಸ್ ಮತ್ತು ಕೋಲ್ ಎಂಬವರು ಹಾಲಿನ ಪ್ರೋಟೀನಿನಿಂದ ಇದನ್ನು ಬೇರ್ಪಡಿಸಿದರು. 1906ರಲ್ಲಿ ಹಾಪ್‌ಕಿನ್ಸ್ ಮತ್ತು ವಿಲ್‌ಕಾಕ್ ಇಲಿಮರಿಗಳಿಗೆ ಪ್ರೋಟೀನಾಗಿ ಮುಸುಕಿನ ಜೋಳದ ಜೀನ್ ಎಂಬುದನ್ನು ಮಾತ್ರ ತಿನ್ನಿಸಿ ನೋಡಿದರು. ಜೀನಿನಲ್ಲಿ ಟ್ರಿಪ್ಟೊಫೇನ್ ಇಲ್ಲ. ಮರಿಗಳು ಬೇಗನೆ ಸತ್ತವು. ಟ್ರಿಪ್ಟೊಫೇನ್ ಬೆರೆಸಿ ಕೊಟ್ಟಾಗ ಬೆಳೆಯದಿದ್ದರೂ ಹೆಚ್ಚು ದಿನ ಬದುಕಿದವು.

ಮುಸುಕಿನ ಜೋಳವೆಂದರೆ ಉತ್ತರದ ನಮ್ಮ ಬಂಧುಗಳು ಗೋವಿನಜೋಳ ಎನ್ನುವುದೇ. ಅದು ಅಮೆರಿಕದಿಂದ ಯೂರೋಪಿಗೆ ಹೋಗಿ ಬಡವರ ಅನ್ನವಾದಾಗ ಅದರ ಹಿಂದೆಯೇ ಒಂದು ರೋಗ ಹೋಯಿತು. 1735ರಲ್ಲಿ ಸ್ಪೇನಿನ ವೈದ್ಯ ಕಾಸಾಲ್ ಇದನ್ನು ಗುರುತಿಸಿದನು. ಬಿಸಿಲು ಬಿದ್ದ ಕುತ್ತಿಗೆಯ ಸುತ್ತ ಹಾರದಂತೆ ಏಳುವ ಕಲೆಗೆ ಇಂದಿಗೂ ಕಾಸಾಲನ ಹಾರವೆಂದೇ ಹೆಸರು. ಇಟಲಿಯವರು ರೋಗವನ್ನು ಪೆಲ್ಲಾಗ್ರ ಎಂದು ಕರೆದರು, ಎಂದರೆ ಒರಟು ಚರ್ಮ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇದನ್ನು ಅಂಟುರೋಗವೆಂದು ನಂಬಿದ್ದರು. ಹಾಗಲ್ಲ, ಊಟದ ಕೊರತೆ ಎಂದು ತೋರಿಸಲು ಡಾಕ್ಟರ್ ಗೋಲ್ಡ್‌ಬರ್ಗರ್ 1916ರಲ್ಲಿ ರೋಗಿಗಳ ರಕ್ತವನ್ನು ತಾನೇ ಚುಚ್ಚಿಸಿಕೊಂಡನು. ಅವರ ಮಲವನ್ನು ಹಿಟ್ಟಿನ ಗುಳಿಗೆ ಮಾಡಿ ನುಂಗಿದನು. ಏನೂ ಆಗಲಿಲ್ಲ. ಇಂಥ ಧೈರ್ಯಕ್ಕೆ ಯಾವ ವಿಶೇಷಣ ಹಾಕಬೇಕೋ ಈ ಪಂಡಿತನಿಗೆ ಹೊಳೆಯದು.

1937ರಲ್ಲಿ ಎಲ್ವೆಜೆಂ ಎಂಬ ವಿಜ್ಞಾನಿ ಕೊರತೆಯಾದದ್ದು ನಿಕೋಟಿನಿಕ್ ಆಮ್ಲವೆಂಬ ಜೀವಸತ್ವವೆಂದು ಕಂಡುಕೊಂಡನು. (ಹೆಸರು ಹೊಗೆಸೊಪ್ಪಿನದಾದರೂ ಗುಣ ಅದರದಲ್ಲ.) ಆದರೆ ಒಂದು ಒಗಟು ಉಳಿಯಿತು. ಹಾಲಿನಲ್ಲಿ ಈ ಜೀವಸತ್ವ ತೀರ ಕಡಿಮೆ. ಆದರೂ ಹಾಲು ಕುಡಿಯುವವರಿಗೆ ಪೆಲ್ಲಾಗ್ರ ಬಾರದು. 1945ರಲ್ಲಿ ಅವನ ಪ್ರಯೋಗಾಲಯದಲ್ಲೇ ಒಗಟು ಬಿಡಿಸಿತು. ಹಾಲಿನಲ್ಲಿ ಟ್ರಿಪ್ಟೊಫೇನ್ ಇದೆ. ಶರೀರವು ಅದನ್ನು ಒಡೆದು ಆ ಜೀವಸತ್ವದ ಕೆಲಸವನ್ನು ನಡೆಸಿಕೊಳ್ಳುತ್ತದೆ.

ಒಡೆಯುವವು ಕಿಣ್ವಗಳು. ಕಿಣ್ವವೆಂದರೆ ಹಿಂದೆ ಸುರೆಯನ್ನು ಹುಳಿಸುತ್ತಿದ್ದ ಮಡ್ಡಿ. ಪಾಶ್ಚಾತ್ಯರ ಎನ್‌ಜೈಮ್ ಶಬ್ದಕ್ಕೂ ಹುಳಿಮಡ್ಡಿಯೊಳಗಿನದು ಎಂದೇ ಅರ್ಥ. ಯಕೃತ್ತಿನಲ್ಲಿರುವ ಮೊದಲ ಕಿಣ್ವ ಟ್ರಿಪ್ಟೊಫೇನಿನ ಉಂಗುರವೊಂದಕ್ಕೆ ಆಮ್ಲಜನಕದ ಎರಡು ಪರಮಾಣುಗಳನ್ನು ತುರುಕಿ ಅದನ್ನು ಬಿಚ್ಚುತ್ತದೆ. ಟ್ರಿಪ್ಟೊಫೇನ್ ಹೆಚ್ಚು ಬಂದಷ್ಟೂ ಈ ಕಿಣ್ವವೂ ಹೆಚ್ಚುತ್ತದೆ. ಮುಂದೆ ಕೈನ್ಯುರೆನಿನ್ ಎಂಬ ಪದಾರ್ಥ ಹುಟ್ಟುತ್ತದೆ. ಈ ಕುಲದ ಆಮ್ಲವೊಂದನ್ನು ಮೊದಲು ಕಂಡದ್ದು ನಾಯಿಯ ಮೂತ್ರದಲ್ಲಿ; ಹೆಸರೂ ಗ್ರೀಕಿನಲ್ಲಿ ಅದನ್ನೇ ಹೇಳುತ್ತದೆ. ಇಲ್ಲಿಂದ ಮುಂದೆ ಬರುವ ಕಿಣ್ವವೊಂದಕ್ಕೆ ಬಿ6 ಜೀವಸತ್ವದ ನೆರವು ಬೇಕು.

ಅನಂತರ ದಾರಿ ಕವಲೊಡೆಯುತ್ತದೆ. ಅಲ್ಲಿ ಹುಟ್ಟುವ ಚಂಚಲ ಪದಾರ್ಥವನ್ನು ಒಂದು ಕಿಣ್ವ ಹಿಡಿದುಕೊಂಡು ಉರುವಲಿನ ದಾರಿಗೆ ಅಟ್ಟುತ್ತದೆ. ಬಹುಪಾಲು ಹೀಗೆ ಉರಿದುಹೋಗುತ್ತದೆ. ಅದರ ಹಿಡಿತಕ್ಕೆ ಸಿಗದೆ ಉಳಿದದ್ದು ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಬೇರೆ ಉಂಗುರವಾಗುತ್ತದೆ. ಜೀವಸತ್ವದ ಕೆಲಸಕ್ಕೆ ಒದಗುವುದು ಈ ಹಕ್ಕಲೇ. ಸರಾಸರಿ 60 ಮಿಲಿಗ್ರಾಂ ಟ್ರಿಪ್ಟೊಫೇನಿಗೆ 1 ಮಿಲಿಗ್ರಾಂ ಲೆಕ್ಕ. ಬೆಕ್ಕಿನಲ್ಲಿ ಆ ಹಿಡಿಯುವ ಕಿಣ್ವ ಬಲು ಚುರುಕು, ಹಕ್ಕಲೇ ಉಳಿಯದು. ಅದಕ್ಕೆ ಮಾಂಸದಲ್ಲಿ ಸಿದ್ಧವಾಗಿ ಇರುವ ಜೀವಸತ್ವವೇ ಬೇಕು.

ಮೆಕ್ಸಿಕೋದವರು ಮುಸುಕಿನ ಜೋಳವನ್ನೇ ಉಂಡರೂ ಪೆಲ್ಲಾಗ್ರಕ್ಕೆ ಅಷ್ಟಾಗಿ ತುತ್ತಾಗಲಿಲ್ಲ. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಕಾಳಿನಲ್ಲಿ ಬಿಗಿದುಕೊಂಡಿರುವ ಜೀವಸತ್ವ ಅದರಿಂದ ಬಿಡುಗಡೆಯಾಗುತ್ತದೆ. ಯೂರೋಪಿನವರು ಕಾಳನ್ನು ಒಯ್ದರು, ಅಡಿಗೆಯನ್ನು ಒಯ್ಯಲಿಲ್ಲ.

ನಮ್ಮ ದಖ್ಖಣದ ಕಥೆ ಬೇರೆ. ಇಲ್ಲಿ ಈ ರೋಗ ಕಂಡದ್ದು ರೊಟ್ಟಿಯ ಜೋಳವನ್ನೇ ನೆಚ್ಚಿದ ಬಡ ಕೂಲಿಕಾರರಲ್ಲಿ. ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಾಂತಯ್ಯ 1960ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹೆಚ್ಚು, ಅದೇ ಟ್ರಿಪ್ಟೊಫೇನಿನ ವ್ಯವಹಾರವನ್ನು ಕೆಡಿಸಿ ಹಕ್ಕಲನ್ನು ಕಡಿಮೆ ಮಾಡುತ್ತದೆ. 1965ರಲ್ಲಿ ಅಲ್ಲಿಯೇ ನಾಯಿಗಳಿಗೆ ಜೋಳದ ಆಹಾರ ಕೊಟ್ಟಾಗ ಅವಕ್ಕೆ ಕಪ್ಪು ನಾಲಗೆಯ ರೋಗ ಬಂದಿತು. ಇದು ನಾಯಿಗಳ ಪೆಲ್ಲಾಗ್ರ. ಮುಂದೆ ಬೇರೆ ಪ್ರಯೋಗಾಲಯಗಳಲ್ಲಿ ಎಲ್ಲರಿಗೂ ಲ್ಯೂಸಿನ್ನಿನಿಂದ ಅದೇ ಫಲ ದೊರೆಯಲಿಲ್ಲ; ವಾದ ತೀರ್ಮಾನವಾಗಿಲ್ಲ. ನನಗಂತೂ ಜೋಳವನ್ನು ದೂರಲು ಮನಸ್ಸಾಗದು. ರೊಟ್ಟಿಯ ಜೊತೆಗೆ ಬೇಳೆಯ ಪಲ್ಯವೂ ಮಜ್ಜಿಗೆಯೂ ಇದ್ದ ಮನೆಯಲ್ಲಿ ಈ ರೋಗಕ್ಕೆ ಎಡೆಯಿಲ್ಲ. ರೊಟ್ಟಿಯೊಂದೇ ಇದ್ದ ಮನೆಯನ್ನು ಅದು ಹುಡುಕಿಕೊಂಡು ಬಂದಿತು. ಅಂಥವರಿಗೂ ನಿಕೋಟಿನಿಕ್ ಆಮ್ಲದ ಗುಳಿಗೆ ಕೊಟ್ಟರೆ ಕೆಂಪಾಗಿ ಉರಿಯುತ್ತಿದ್ದ ನಾಲಗೆ ಕೆಲವೇ ದಿನಗಳಲ್ಲಿ ಮಾಯುತ್ತದೆ. ಚರ್ಮ ಮಾಯಲು ಮತ್ತಷ್ಟು ದಿನ ಹಿಡಿಯುತ್ತದೆ.